ಮಳೆಗಾಲ ಕಳೆದ ಮೇಲೆ ಪಂಪ್‌ಸೆಟ್ ಓಡುತ್ತಿಲ್ಲವೇ? ಮೋಟಾರ್ ಎತ್ತಿಸುವ ಮೊದಲು ಜಾಯಿಂಟ್ ನೋಡಿ

ಮಲೆನಾಡು, ಕರಾವಳಿಯ ತೋಟಗಳಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಪಂಪ್‌ಸೆಟ್‌ಗೆ ಹೆಚ್ಚು ಕೆಲಸವಿಲ್ಲ. ದೀಪಾವಳಿ ಕಳೆದು ಮಣ್ಣು ಒಣಗತೊಡಗಿದಾಗ ಸ್ಟಾರ್ಟರ್‌ನ ಹಸಿರು ಗುಂಡಿ ಒತ್ತುತ್ತೇವೆ. ತಕರಾರು ಶುರುವಾಗುವುದು ಆವಾಗಲೇ. ಒಂದು ಕಡೆ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಇನ್ನೊಂದು ಕಡೆ ಐದು ನಿಮಿಷ ಓಡಿ ಟ್ರಿಪ್ ಆಗುತ್ತದೆ. ಮತ್ತೊಂದು ಕಡೆ ಗುಂಡಿ ಒತ್ತಿದ ಕೂಡಲೇ ಫ್ಯೂಸ್ ಹಾರುತ್ತದೆ. "ಮೋಟಾರ್ ಹೋಗಿದೆ ಭಟ್ರೇ, ಎತ್ತಲೇಬೇಕು" ಎಂಬ ಮಾತು ತಕ್ಷಣ ಬಂದುಬಿಡುತ್ತದೆ. ಆಳದ ಬೋರ್‌ವೆಲ್‌ನಿಂದ ಪಂಪು ಎತ್ತಿಸುವುದೆಂದರೆ ಎತ್ತುವವರ ಕೂಲಿ, ಒಂದು ದಿನದ ಕೆಲಸ, ಮೇಲಿಂದ ಪೈಪು ಜಾರುವ ಭಯ. ಅಷ್ಟೆಲ್ಲ ಮಾಡಿ ಬಿಚ್ಚಿದರೆ ವೈಂಡಿಂಗ್ (ಮೋಟಾರಿನೊಳಗಿನ ತಂತಿಯ ಸುರುಳಿ) ಚೆನ್ನಾಗಿಯೇ ಇರುತ್ತದೆ; ಕೆಟ್ಟಿದ್ದು ಬೋರ್ ಬಾಯಿಯ ಹತ್ತಿರ ಟೇಪು ಸುತ್ತಿ ಬಿಟ್ಟಿದ್ದ ಒಂದು ಜಾಯಿಂಟ್. ಇಂಥ ಖರ್ಚು ತಪ್ಪಿಸಲಿಕ್ಕೆಂದೇ ಇದನ್ನು ಬರೆದಿದ್ದೇನೆ.

ಇಲ್ಲಿ ಹೇಳಿದ್ದು ಹೆಚ್ಚಾಗಿ ತ್ರೀ ಫೇಸ್ ಸಬ್‌ಮರ್ಸಿಬಲ್ ಪಂಪಿಗೆ, ಅಂದರೆ ತೋಟದಲ್ಲಿ ಸಾಮಾನ್ಯವಾಗಿರುವ 5 ಎಚ್‌ಪಿ ಮೋಟಾರ್ ಮತ್ತು ಗೋಡೆಯ ಮೇಲಿನ ಡಿಒಎಲ್ (ಮೋಟಾರಿಗೆ ಕರೆಂಟು ನೇರವಾಗಿ ಕೊಡುವ) ಸ್ಟಾರ್ಟರ್‌ಗೆ. ಮನೆ ಬಾವಿಯ ಸಿಂಗಲ್ ಫೇಸ್ ಪಂಪು, ಅಂಗಳದ ದೀಪ, ಗೇಟಿನ ಕರೆಗಂಟೆ ಇವಕ್ಕೂ ತತ್ತ್ವ ಒಂದೇ.

ಕೈ ಹಾಕುವ ಮೊದಲು

ಮೈನ್ ಸ್ವಿಚ್ ಆಫ್ ಮಾಡಿದರೆ ಸಾಲದು. ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ತೋಟದ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ. ಈಗ ಇಲ್ಲ ಅಂತ ತೆರೆದು ಕೂತಾಗಲೇ ಬಂದುಬಿಡಬಹುದು. ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದ ಕೂಡಲೇ ತಾನೇ ಚಾಲೂ ಆಗುತ್ತದೆ. ಮೊಬೈಲ್ ಸ್ಟಾರ್ಟರ್ ಇದ್ದರೆ ಮನೆಯಲ್ಲಿ ಕೂತವರು ಯಾರೋ ತಿಳಿಯದೆ ಕಾಲ್ ಮಾಡಬಹುದು. ಎರಡನ್ನೂ ಮ್ಯಾನುವಲ್‌ಗೆ ಹಾಕಿ, ಮನೆಯವರಿಗೆ ಹೇಳಿಯೇ ಹೊರಡಿ.

ಕರೆಂಟು ಇಲ್ಲ ಎಂಬುದನ್ನು ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಮೊದಲು ಕರೆಂಟು ಇರುವ ಕಡೆ ಮೀಟರ್ ಸರಿಯಾಗಿ ತೋರಿಸುತ್ತದೆಯೇ ನೋಡಬೇಕು, ಆಮೇಲೆ ಕೆಲಸ ಮಾಡುವ ಜಾಗ ನೋಡಬೇಕು, ಮತ್ತೆ ಕರೆಂಟು ಇರುವ ಕಡೆ ಹೋಗಿ ಮೀಟರ್ ಇನ್ನೂ ಜೀವಂತ ಇದೆಯೇ ನೋಡಬೇಕು. ಬರೀ ನಿಯಾನ್ ಟೆಸ್ಟರ್ ನಂಬಬೇಡಿ. ಹಗಲು ಬೆಳಕಿನಲ್ಲಿ ಅದರ ದೀಪ ಕಾಣುವುದೇ ಕಷ್ಟ. ಸಿಂಗಲ್ ಫೇಸ್ ಪ್ಯಾನೆಲ್‌ನಲ್ಲಿ ಕೆಪಾಸಿಟರ್ ಇರುತ್ತದೆ. ಕರೆಂಟು ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಹಾಗಾಗಿ ಹಳೆಯ 60 ವ್ಯಾಟ್ ಬಲ್ಬ್ ಅಡ್ಡ ಹಿಡಿದು ಅದನ್ನು ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡ.

ಬರಿಗಾಲು, ಒದ್ದೆ ಕೈ, ಮಳೆ ಬರುತ್ತಿರುವ ಹೊತ್ತು ಈ ಕೆಲಸಕ್ಕಲ್ಲ. ಕಂಬದಿಂದ ಮೀಟರಿನವರೆಗಿನ ತಂತಿ, ಮೀಟರಿನ ಸೀಲು ನಿಮ್ಮದಲ್ಲ. ಅಲ್ಲಿ ಜಂಪ್ (ಕಂಬದ ಮೇಲೆ ತಂತಿಗಳನ್ನು ಕೂಡಿಸುವ ತುಂಡು) ಸಡಿಲವಾಗಿ ಕಿಡಿ ಹಾರುತ್ತಿದ್ದರೆ ಅಥವಾ ತಂತಿ ಮರದ ಮೇಲೆ ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ. ರಾಜ್ಯದ ಎಲ್ಲ ಎಸ್ಕಾಂಗಳಿಗೂ ಈ ನಂಬರ್ ನಡೆಯುತ್ತದೆ.

ಸ್ಟಾರ್ಟರ್ ಡಬ್ಬಿ ಅಥವಾ ನೀರಿನ ಪೈಪು ಮುಟ್ಟಿದರೆ ಜುಮ್ ಅನ್ನುತ್ತದೆ

ಈ ಲಕ್ಷಣ ಕಂಡರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಮೈನ್ ತೆಗೆಯಿರಿ, ಮಕ್ಕಳು, ದನಕರು ಆ ಕಡೆ ಹೋಗದಂತೆ ನೋಡಿಕೊಳ್ಳಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸಿ. "ಸ್ವಲ್ಪ ಜುಮ್ ಅನ್ನುತ್ತೆ, ಅದು ಮೊದಲಿಂದ್ಲೂ ಇದೆ" ಎಂದು ವರ್ಷಗಟ್ಟಲೆ ಬಿಟ್ಟಿರುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಒಣ ನೆಲದಲ್ಲಿ ಚಪ್ಪಲಿ ಹಾಕಿ ನಿಂತವರಿಗೆ ಜುಮ್ ಅನ್ನಿಸುವ ಅದೇ ಡಬ್ಬಿ, ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರ ಜೀವ ತೆಗೆಯಬಹುದು.

ಇಲ್ಲಿ ಸಾಮಾನ್ಯವಾಗಿ ಎರಡು ದೋಷ ಒಟ್ಟಿಗೇ ಇರುತ್ತವೆ. ಒಳಗೆಲ್ಲೋ ತೇವ ಹಿಡಿದು ಕರೆಂಟು ಲೋಹಕ್ಕೆ ಸೋರುತ್ತಿದೆ, ಅದು ಒಂದು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ತ್ ತಂತಿ ಕಡಿದಿದೆ ಅಥವಾ ತುಕ್ಕು ತಿಂದು ಹೆಸರಿಗಷ್ಟೇ ಉಳಿದಿದೆ, ಅದು ಎರಡನೆಯದು. ಮೈನ್ ತೆಗೆದ ಮೇಲೆ ಅರ್ತ್ ಪೈಪಿನ ತಲೆಯ ಕ್ಲ್ಯಾಂಪ್ ನೋಡಿ. ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬೋಲ್ಟಿನ ಅಡಿಯಲ್ಲೇ ತುಕ್ಕು ಹಿಡಿದು ತುಂಡಾಗಿರುತ್ತದೆ. ಮೇಲೆ ಮಣ್ಣು, ಎಲೆ ಮುಚ್ಚಿರುವುದರಿಂದ ಕಾಣುವುದಿಲ್ಲ. ಅರ್ತ್ ಗುಂಡಿಗೆ ನೀರು ಹೊಯ್ಯುವುದರಿಂದ ಮಣ್ಣಿನ ತೇವ ಹೆಚ್ಚುತ್ತದೆ, ತುಂಡಾದ ಕ್ಲ್ಯಾಂಪ್ ಕೂಡಿಕೊಳ್ಳುವುದಿಲ್ಲ. ಅರ್ತ್ ಎಷ್ಟು ಚೆನ್ನಾಗಿದೆ ಎಂಬುದನ್ನು ಅರ್ತ್ ಟೆಸ್ಟರ್ ಇರುವವರೇ ಅಳೆಯಬೇಕು.

ಮನೆ ಬಾವಿಯ ಪಂಪಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್, ಹಾಕಿಸಿ. ಅದು ಪದೇ ಪದೇ ಬೀಳುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಅದನ್ನು ಬೈಪಾಸ್ ಮಾಡಿ ಪಂಪು ಓಡಿಸುವವರು ಸೋರಿಕೆಯನ್ನು ಹಾಗೇ ಬಿಟ್ಟು ಕಾವಲುಗಾರನನ್ನು ತೆಗೆದಂತಾಯಿತು.

ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೈನ್ ತೆಗೆಯಿರಿ, ಆಮೇಲೆ 108.

ಬೆಳಿಗ್ಗೆ ಓಡುವುದಿಲ್ಲ, ಬಿಸಿಲೇರಿದ ಮೇಲೆ ಓಡುತ್ತದೆ

ಒಳ್ಳೆಯ ಲಕ್ಷಣ ಇದು. ಖರ್ಚು ಕಡಿಮೆ. ದೋಷ ಬೋರ್‌ವೆಲ್‌ನ ತಳದಲ್ಲಿದ್ದರೆ ಅದಕ್ಕೆ ಬೆಳಿಗ್ಗೆ, ಮಧ್ಯಾಹ್ನ ಎಂಬುದಿಲ್ಲ. ಆಳದ ನೀರು ಇಡೀ ದಿನ ಒಂದೇ ತಣ್ಣಗಿರುತ್ತದೆ. ಹೊತ್ತಿನ ಜೊತೆ ಬದಲಾಗುವ ದೋಷ ಬಹುತೇಕ ಮೇಲೆಯೇ, ಸ್ಟಾರ್ಟರ್ ಡಬ್ಬಿಯಲ್ಲೋ ಮೈನ್ ಬೋರ್ಡಿನಲ್ಲೋ ಇರುತ್ತದೆ.

ಡಬ್ಬಿ ತೆಗೆದು ಮುಚ್ಚಳದ ಒಳಮೈಯ ಮೇಲೆ ಕೈ ಆಡಿಸಿ. ಬೆರಳಿಗೆ ನೀರಿನ ಹನಿ ತಾಗುತ್ತದೆಯೇ? ಮಳೆ ಒಳಗೆ ಬೀಳದಿದ್ದರೂ ಹನಿ ಇರುತ್ತದೆ. ಹಗಲು ಡಬ್ಬಿ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಹೊರ ಹೋಗುತ್ತದೆ. ರಾತ್ರಿ ತಣಿದಾಗ ಹೊರಗಿನ ಥಂಡಿ ಗಾಳಿ ಒಳಗೆ ಬರುತ್ತದೆ, ಅದರಲ್ಲಿನ ತೇವ ತಗಡಿನ ಮೇಲೆ ನೀರಾಗಿ ಇಳಿಯುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಇದು ತಿಂಗಳುಗಟ್ಟಲೆ ನಡೆಯುತ್ತದೆ. ಆ ನೀರಿಗೆ ದೂಳು ಕೂಡಿದರೆ ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಕರೆಂಟು ಹರಿಯುವ ತೆಳು ದಾರಿಯಾಗುತ್ತದೆ. ಬೇಕಲೈಟ್ ಮೇಲೆ ಮರದ ಬೇರಿನಂಥ ಕಪ್ಪು ಗೆರೆ ಕಂಡರೆ ಅಲ್ಲಿ ಆಗಲೇ ಸುಟ್ಟಿದೆ ಎಂದು ತಿಳಿಯಿರಿ. ಆ ಭಾಗವನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಗೆರೆ ಇಲ್ಲದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್ ಇದ್ದರೆ ದೂರದಿಂದ ಬಿಸಿಗಾಳಿ ಹಿಡಿದು ಚೆನ್ನಾಗಿ ಒಣಗಿಸಿ. ಬಿಸಿಲಲ್ಲಿ ಮುಚ್ಚಳ ತೆಗೆದಿಟ್ಟರೂ ಆಯಿತು, ಆದರೆ ಫ್ಯೂಸ್ ಜೇಬಿನಲ್ಲೇ ಇರಲಿ. ಇರುವೆ ಗೂಡು, ಹಲ್ಲಿ ಮೊಟ್ಟೆ, ಕಾಂಟ್ಯಾಕ್ಟ್ ನಡುವೆ ಸಿಕ್ಕಿ ಸತ್ತ ಹಲ್ಲಿ, ಇವೆಲ್ಲ ಸಿಗುತ್ತವೆ. ಬ್ರಷ್ ಹಾಕಿ ತೆಗೆಯಿರಿ. ಮಾರನೆಯ ಬೆಳಿಗ್ಗೆ ಪಂಪು ಸರಿಯಾಗಿ ಚಾಲೂ ಆದರೆ ದೋಷ ಸಿಕ್ಕಿತು. ಇನ್ನು ಅದು ಮರುಕಳಿಸದಂತೆ ಮಾಡುವುದು ಉಳಿಯಿತು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಅಥವಾ ಪ್ರಿವೆಂಟರ್ ಹಿಡಿಯುವುದೇ ಇಲ್ಲ

ಮೂರು ಫೇಸ್‌ನಲ್ಲಿ ಒಂದು ಮೋಟಾರಿಗೆ ತಲುಪುತ್ತಿಲ್ಲ. ಒಂದು ಫೇಸ್ ಇಲ್ಲದಾಗ ಮೋಟಾರ್ ಓಡದಂತೆ ತಡೆಯುವ ಉಪಕರಣವೇ ಪ್ರಿವೆಂಟರ್. ಕೂಡಲೇ ನಿಲ್ಲಿಸಿ. ಎರಡೇ ಫೇಸ್‌ನಲ್ಲಿ ಗುಂಯ್‌ಗುಟ್ಟುತ್ತ ಬಿಟ್ಟರೆ ಚೆನ್ನಾಗಿದ್ದ ವೈಂಡಿಂಗ್ ನಿಜವಾಗಿಯೂ ಸುಟ್ಟುಹೋಗುತ್ತದೆ. "ಇನ್ನೊಂದ್ಸಲ ನೋಡ್ವ" ಎಂದು ಪದೇ ಪದೇ ಗುಂಡಿ ಒತ್ತುವುದು ಬೇಡ.

ಮೊದಲ ಪರೀಕ್ಷೆಗೆ ಕಾಸು ಬೇಕಿಲ್ಲ: ಪಕ್ಕದ ತೋಟದವರ ಪಂಪು ಓಡುತ್ತಿದೆಯೇ ಕೇಳಿ. ಅವರಿಗೂ ಇದೇ ತೊಂದರೆ ಇದ್ದರೆ ಟಿಸಿಯಲ್ಲೇ (ಟ್ರಾನ್ಸ್‌ಫಾರ್ಮರ್‌ನಲ್ಲೇ) ಒಂದು ಫೇಸ್ ಹೋಗಿರುತ್ತದೆ, ಅದು ಲೈನ್‌ಮ್ಯಾನ್ ಕೆಲಸ.

ಅವರದು ಓಡುತ್ತಿದ್ದರೆ, ಮೀಟರ್ ಬಳಸಿ ಗೊತ್ತಿರುವವರು ಮೈನ್ ಸ್ವಿಚ್ಚಿಗೆ ಬರುವ ಕಡೆ ಫೇಸ್ ಫೇಸ್ ನಡುವೆ ಅಳೆಯಲಿ. ಆರ್-ವೈ, ವೈ-ಬಿ, ಬಿ-ಆರ್ (ಆರ್ ಕೆಂಪು, ವೈ ಹಳದಿ, ಬಿ ನೀಲಿ) ಮೂರೂ 415 ವೋಲ್ಟ್‌ನ ಆಸುಪಾಸಿನಲ್ಲಿ, ಒಂದಕ್ಕೊಂದು ಹತ್ತಿರ ಇರಬೇಕು. ಅಲ್ಲಿ ಸರಿ ಇದ್ದರೆ ಫ್ಯೂಸ್ ದಾಟಿದ ಮೇಲೆ, ಆಮೇಲೆ ಸ್ಟಾರ್ಟರಿಗೆ ಬರುವ ಕಡೆ, ಹೀಗೆ ಒಂದೊಂದೇ ಮೆಟ್ಟಿಲು ಇಳಿಯಿರಿ. ಎಲ್ಲಿ ಕಡಿಮೆಯಾಯಿತೋ ಅದರ ಹಿಂದಿನ ಕೂಡಿಕೆಯಲ್ಲಿ ದೋಷ. ಹೆಚ್ಚಾಗಿ ಸಿಕ್ಕಿಬೀಳುವುದು ಕಿಟ್‌ಕ್ಯಾಟ್ ಫ್ಯೂಸ್. ಅದರ ಹಿತ್ತಾಳೆ ತುಟಿಗಳು ಕಿಲುಬು ಹಿಡಿದು, ಬಿಗಿ ಕಳೆದು ಕೂತಿರುತ್ತವೆ; ತಂತಿ ಕೂಡಿದ್ದೇ ಇದೆ, ಕರೆಂಟು ದಾಟುತ್ತಿಲ್ಲ. ಕ್ಯಾರಿಯರ್ ಕಿತ್ತು ಸಣ್ಣ ಸ್ಯಾಂಡ್ ಪೇಪರಿನಲ್ಲಿ ತುಟಿಗಳನ್ನು ಹೊಳೆಯುವ ತನಕ ಉಜ್ಜಿ, ಸ್ವಲ್ಪ ಒತ್ತಿ ಬಿಗಿ ಮಾಡಿ. ಕ್ಯಾರಿಯರ್ ಕೂಡಿಸುವಾಗ ಕೈಗೆ ಒತ್ತಡ ತಿಳಿಯಬೇಕು.

ಒಂದು ಎಚ್ಚರಿಕೆ. ಮೋಟಾರ್ ಓಡದೆ ಅಳೆದರೆ ಕಿಲುಬು ಹಿಡಿದ ಕೂಡಿಕೆಯೂ ಪೂರ್ತಿ ವೋಲ್ಟೇಜ್ ತೋರಿಸೀತು, ಏಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಲೋಡ್ ಬಿದ್ದಾಗ ಮಾತ್ರ ವೋಲ್ಟೇಜ್ ಕುಸಿಯುತ್ತದೆ. ಹಾಗಾಗಿ ಅಳತೆ ಸರಿ ಬಂತೆಂದು ಕೂಡಿಕೆಯನ್ನು ಬಿಟ್ಟುಬಿಡಬೇಡಿ, ಕಣ್ಣಲ್ಲಿ ನೋಡಿ, ಸ್ಕ್ರೂ ತಿರುಗಿಸಿ ನೋಡಿ.

ಸ್ವಲ್ಪ ಹೊತ್ತು ಓಡಿ ಟ್ರಿಪ್ ಆಗುತ್ತದೆ. ಡಬ್ಬಿಯಿಂದ ಸುಟ್ಟ ವಾಸನೆ

5 ಎಚ್‌ಪಿ ಮೋಟಾರ್ ಓಡುವಾಗ ಒಂದೊಂದು ಫೇಸ್‌ನಲ್ಲಿ ಸುಮಾರು 8 ಆಂಪಿಯರ್ ಹರಿಯುತ್ತದೆ. ಒಂದು ಟರ್ಮಿನಲ್‌ನಲ್ಲಿ ಕಿಲುಬಿನಿಂದ ಅರ್ಧ ಓಮ್ ತಡೆ ಬಂದಿದೆ ಎಂದುಕೊಳ್ಳಿ. ನಷ್ಟವಾಗುವ ವೋಲ್ಟೇಜ್ ಬರೀ 4. ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಆ ಒಂದು ಸ್ಕ್ರೂವಿನಲ್ಲಿ ಹುಟ್ಟುವ ಶಾಖ 8×8×0.5, ಅಂದರೆ 32 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯನ್ನು ಡಬ್ಬಿಯೊಳಗೆ ಹೊತ್ತಿಸಿಟ್ಟು ಬಾಗಿಲು ಹಾಕಿದಷ್ಟೇ ಬಿಸಿ. ಆ ಬಿಸಿಗೆ ಕಿಲುಬು ಹೆಚ್ಚುತ್ತದೆ, ಕಿಲುಬು ಹೆಚ್ಚಿದಂತೆ ಬಿಸಿ ಹೆಚ್ಚುತ್ತದೆ. ಪಕ್ಕದಲ್ಲೇ ಇರುವ ಓವರ್‌ಲೋಡ್ ರಿಲೇ ಶಾಖಕ್ಕೇ ಕೆಲಸ ಮಾಡುವಂಥದ್ದು. ಮೋಟಾರ್ ಹೆಚ್ಚು ಕರೆಂಟು ಎಳೆಯದಿದ್ದರೂ ಈ ಹೊರಗಿನ ಬಿಸಿಗೆ ಅದು ಟ್ರಿಪ್ ಆಗುತ್ತದೆ. ಇದು ತಿಳಿಯದೆ ರಿಲೇ ಸೆಟ್ಟಿಂಗ್ ಮೇಲೇರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮೋಟಾರ್ ಸುಡದಂತೆ ಕಾಯುವುದು ಅದೇ.

ಪಂಪು ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಮೈನ್ ತೆಗೆದು, ಫ್ಯೂಸ್ ಕಿತ್ತು, ಕರೆಂಟಿಲ್ಲವೆಂದು ಮೀಟರಿನಲ್ಲಿ ನೋಡಿಕೊಂಡು ಕೂಡಲೇ ಒಂದೊಂದೇ ಟರ್ಮಿನಲ್‌ನ ವೈರಿನ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಕಳ್ಳ ಅದೇ. ವೈರಿನ ತುದಿಯ ಪಿವಿಸಿ ಕಂದಾಗಿ, ಗಟ್ಟಿಯಾಗಿ, ಬಗ್ಗಿಸಿದರೆ ಪುಡಿಯಾಗುತ್ತಿದ್ದರೂ ಅದೇ ಗುರುತು.

ಬಣ್ಣ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಹಸಿರು ಕಿಲುಬು ಅಂದರೆ ತಾಮ್ರಕ್ಕೆ ನೀರು ಮತ್ತು ಉಪ್ಪು ಅಥವಾ ಆಮ್ಲ ತಾಗಿದೆ. ಕಪ್ಪು ಅಂದರೆ ಬಿಸಿಯಾಗಿದೆ, ಅಥವಾ ನೀರು ವೈರಿನ ಒಳಗೇ ಸೇರಿ ಬಹಳ ದಿನವಾಗಿದೆ. ಬಿಳಿ ಪುಡಿ ಅಂದರೆ ಅಲ್ಯೂಮಿನಿಯಂ ಕರಗುತ್ತಿದೆ. ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಉಪ್ಪುಗಾಳಿಯೇ ಇದಕ್ಕೆ ಸಾಕು. ಅಡಿಕೆ ತೋಟಗಳಲ್ಲಿ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ನೀರು. ಮೈಲುತುತ್ತದ ಹನಿ ಗಾಳಿಗೆ ಹಾರಿ ಸ್ಟಾರ್ಟರ್ ಡಬ್ಬಿ, ಜಿಐ ಅರ್ತ್ ತಂತಿ, ಅಲ್ಯೂಮಿನಿಯಂ ಸರ್ವಿಸ್ ವೈರಿನ ಮೇಲೆ ಕೂರುತ್ತದೆ. ತಾಮ್ರದ ಉಪ್ಪು ಸತುವನ್ನೂ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಔಷಧಿ ಹೊಡೆಯುವ ದಿನ ಡಬ್ಬಿಗಳಿಗೆ ಗೋಣಿ ಹೊದಿಸಿ, ಸಂಜೆ ತೆಗೆದುಬಿಡಿ. ಹಾಗೆಯೇ ಪಂಪ್‌ಮನೆಯಲ್ಲಿ ಗೊಬ್ಬರದ ಚೀಲ ಇಡಬೇಡಿ. ಪೊಟ್ಯಾಷ್, ಯೂರಿಯಾ ಎರಡೂ ಗಾಳಿಯ ತೇವ ಹೀರಿ ನೀರಾಡುತ್ತವೆ. ಗೊಬ್ಬರ, ಕೊಟ್ಟಿಗೆಯಿಂದ ಏಳುವ ಅಮೋನಿಯಾ ಹಿತ್ತಾಳೆಯ ಟರ್ಮಿನಲ್‌ಗಳಲ್ಲಿ ಬಿರುಕು ಬಿಡಿಸುತ್ತದೆ.

ಸರಿಪಡಿಸುವುದು ಹೀಗೆ. ವೈರಿನ ಕೆಟ್ಟ ತುದಿ ಕತ್ತರಿಸಿ. ಒಳಗಿನ ಎಳೆಗಳು ಇನ್ನೂ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸುತ್ತ ಹೋಗಿ. ಎಳೆಗಳ ಸಂದಿನಲ್ಲಿ ನೀರು ತಾನಾಗಿ ಏರುತ್ತದೆ, ಕೆಲವೊಮ್ಮೆ ಪಿವಿಸಿಯ ಒಳಗೆ ಒಂದು ಅಡಿಯವರೆಗೂ ಕಪ್ಪು ಹೋಗಿರುತ್ತದೆ. ಆಮೇಲೆ ವೈರಿನ ಅಳತೆಗೆ ಸರಿಯಾದ, ತವರ ಲೇಪಿಸಿದ ತಾಮ್ರದ ಥಿಂಬಲ್ (ವೈರಿನ ತುದಿಗೆ ಹಾಕುವ ಟೊಪ್ಪಿಗೆ) ಹಾಕಿ ಕ್ರಿಂಪಿಂಗ್ ಇಕ್ಕಳದಲ್ಲೇ ಒತ್ತಿಸಿ. ಸುತ್ತಿಗೆಯಲ್ಲಿ ಜಜ್ಜಿದ ಥಿಂಬಲ್ ಒಳಗೆ ಗಾಳಿ ಉಳಿಯುತ್ತದೆ, ಗಾಳಿ ಇದ್ದಲ್ಲಿ ತೇವ ಬರುತ್ತದೆ. ಕೂಡಿಕೆ ಬಿಗಿಯಾದ ಮೇಲೆ ಹೊರಗಿನಿಂದ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಕಾಂಟ್ಯಾಕ್ಟ್ ಮುಖಗಳಿಗೆ, ಅಂದರೆ ಕಿಡಿ ಹಾರುವ ಬಿಂದುಗಳಿಗೆ, ಜೆಲ್ಲಿ ಎಣ್ಣೆ ಯಾವುದೂ ಬೇಡ.

ತಾಮ್ರ, ಅಲ್ಯೂಮಿನಿಯಂ ನೇರವಾಗಿ ಸುತ್ತಿ ಕಟ್ಟಿದ್ದು ಸಿಕ್ಕಿದರೆ ಬಿಚ್ಚಿಸಿಬಿಡಿ. ತೇವ ಸೇರಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಂತೆ ಕರೆಂಟು ಹುಟ್ಟಿ ಅಲ್ಯೂಮಿನಿಯಂ ಕರಗುತ್ತದೆ. ಅದಕ್ಕೆ ಬೈಮೆಟಲ್ ಕನೆಕ್ಟರ್ ಸಿಗುತ್ತದೆ. ಅಲ್ಯೂಮಿನಿಯಂ ತುದಿಯನ್ನು ಮೊದಲು ಉಜ್ಜಿ ಆಮೇಲೆ ಜೆಲ್ಲಿ ಹಚ್ಚಿದರೆ ಅಷ್ಟರಲ್ಲೇ ಹೊಸ ಪೊರೆ ಬಂದಿರುತ್ತದೆ. ಜೆಲ್ಲಿ ಹಚ್ಚಿ, ಅದರ ಮೇಲೆಯೇ ತಂತಿ ಬ್ರಷ್ ಆಡಿಸಿ, ಒರೆಸದೆ ಕೂಡಿಸಬೇಕು. ಬಯಲಿನಲ್ಲಿ ಎರಡೂ ಒಟ್ಟಿಗಿದ್ದರೆ ಅಲ್ಯೂಮಿನಿಯಂ ಮೇಲೆ, ತಾಮ್ರ ಕೆಳಗೆ ಬರುವಂತೆ ಇರಲಿ. ತಾಮ್ರದ ಮೇಲಿಂದ ತೊಟ್ಟಿಕ್ಕಿದ ನೀರು ಅಲ್ಯೂಮಿನಿಯಂ ಮೇಲೆ ಬಿದ್ದರೆ ಅದನ್ನು ತೂತು ಮಾಡುತ್ತದೆ.

ಗುಂಡಿ ಒತ್ತಿದ ಕೂಡಲೇ ಫ್ಯೂಸ್ ಹಾರುತ್ತದೆ

ಈಗ ಕೇಬಲ್ ಅಥವಾ ಮೋಟಾರ್ ಮೇಲೆ ಅನುಮಾನ ಪಡಬಹುದು. ಫ್ಯೂಸಿಗೆ ದಪ್ಪ ತಂತಿ ಕಟ್ಟಿ ನೋಡುವುದು ಮಾತ್ರ ಬೇಡವೇ ಬೇಡ.

ಮೋಟಾರಿಗೆ ಹೋಗುವ ಮೂರು ವೈರುಗಳನ್ನು ಸ್ಟಾರ್ಟರ್‌ನಿಂದ ಕಳಚಿ. ಸಾದಾ ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಮೊದಲು ಅದರ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಅಳತೆ ಬರೆದುಕೊಳ್ಳಿ, ಅದನ್ನು ಕಳೆಯಬೇಕು. ಈಗ ಕೆಂಪು-ಹಳದಿ, ಹಳದಿ-ನೀಲಿ, ನೀಲಿ-ಕೆಂಪು ಅಳೆಯಿರಿ. ಮೂರೂ ಹೆಚ್ಚುಕಡಿಮೆ ಒಂದೇ ಬಂದರೆ ತಂತಿ ಎಲ್ಲೂ ಕಡಿದಿಲ್ಲ. ಎರಡು ಅಳತೆ ಹೆಚ್ಚು, ಒಂದು ಸರಿ ಬಂದರೆ ಆ ಎರಡು ಹೆಚ್ಚಿನ ಅಳತೆಗಳಲ್ಲಿ ಸಮಾನವಾಗಿರುವ ಬಣ್ಣ ಯಾವುದು ನೋಡಿ. ಕೆಂಪು-ಹಳದಿ, ನೀಲಿ-ಕೆಂಪು ಎರಡೂ ಹೆಚ್ಚಿದ್ದರೆ ದೋಷ ಕೆಂಪು ವೈರಿನ ದಾರಿಯಲ್ಲಿದೆ. ಹೀಗಿದ್ದಾಗ ಜಾಯಿಂಟ್ ಮೇಲೆಯೇ ಮೊದಲ ಅನುಮಾನ.

ಆಮೇಲೆ ಒಂದೊಂದು ಬಣ್ಣಕ್ಕೂ ಅರ್ತ್‌ಗೂ ನಡುವೆ ಅಳತೆ. ಮಲ್ಟಿಮೀಟರಿನಲ್ಲೇ ಕೆಲವು ಕಿಲೋಓಮ್ ತೋರಿಸಿದರೆ ಸೋರಿಕೆ ಖಂಡಿತ. ಏನೂ ತೋರಿಸದಿದ್ದರೆ ಮಾತ್ರ ಸರಿ ಇದೆ ಎನ್ನುವಂತಿಲ್ಲ. ಮಲ್ಟಿಮೀಟರ್ ಕೆಲವೇ ವೋಲ್ಟ್‌ನಲ್ಲಿ ನೋಡುತ್ತದೆ, ಜಾಯಿಂಟ್ ಸೋರುವುದು ನೂರಾರು ವೋಲ್ಟ್ ಬಿದ್ದಾಗ. ಅದಕ್ಕೆ 500 ವೋಲ್ಟ್‌ನ ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೀಟರ್, ಬೇಕು. ರಿವೈಂಡಿಂಗ್ ಅಂಗಡಿಯವರಲ್ಲಿ ಇರುತ್ತದೆ, ಅವರನ್ನೇ ಕರೆಸಿ. 1 ಮೆಗಾಓಮ್‌ಗಿಂತ ಮೇಲಿದ್ದರೆ ಸಮಾಧಾನ. ಅದಕ್ಕಿಂತ ಕೆಳಗಿದ್ದರೆ ಎಲ್ಲೋ ತೇವ ಹಿಡಿದಿದೆ. ಸೊನ್ನೆಯ ಹತ್ತಿರ ಬಂದರೆ ಪಂಪು ಓಡಿಸಲೇಬಾರದು. ಮೆಗ್ಗರ್ ಹಾಕುವ ಮೊದಲು ಪ್ರಿವೆಂಟರ್, ಮೊಬೈಲ್ ಸ್ಟಾರ್ಟರ್ ಯಾವುದೂ ಆ ವೈರಿಗೆ ಕೂಡಿರಬಾರದು, ಸುಟ್ಟುಹೋಗುತ್ತವೆ. ಪರೀಕ್ಷೆ ಮುಗಿದ ಮೇಲೆ ವೈರಿನ ತುದಿಗಳನ್ನು ಅರ್ತ್‌ಗೆ ತಾಗಿಸಿ ಚಾರ್ಜ್ ಇಳಿಸಬೇಕು.

ಮೆಗ್ಗರ್ ಕೆಟ್ಟದ್ದು ತೋರಿಸಿದರೂ ಎತ್ತುವವರಿಗೆ ಇನ್ನೂ ಫೋನ್ ಮಾಡಬೇಡಿ. ಸ್ಟಾರ್ಟರ್‌ನಿಂದ ಬೋರ್ ಬಾಯಿಯವರೆಗೆ ನೆಲದಡಿ ಬಂದ ಕೇಬಲ್, ಬೋರ್‌ನೊಳಗೆ ಇಳಿಯುವ ಕೇಬಲ್, ಇವೆರಡರ ನಡುವೆ ಸಾಮಾನ್ಯವಾಗಿ ಒಂದು ಜಾಯಿಂಟ್ ಇರುತ್ತದೆ. ಕೇಸಿಂಗ್ ಪೈಪಿನ ಪಕ್ಕ ಮಣ್ಣಿನಲ್ಲಿ ಹುದುಗಿರುತ್ತದೆ. ಅದನ್ನು ಅಗೆದು ತೆಗೆಯಿರಿ, ಬಿಚ್ಚಿ, ಎರಡೂ ಕಡೆ ಬೇರೆ ಬೇರೆ ಮೆಗ್ಗರ್ ಹಾಕಿಸಿ. ಬೋರ್ ಕಡೆಯದು ಚೆನ್ನಾಗಿದ್ದು ಸ್ಟಾರ್ಟರ್ ಕಡೆಯದು ಕೆಟ್ಟಿದ್ದರೆ ನೆಲದಡಿಯ ಕೇಬಲ್ ಬದಲಿಸಿದರೆ ಸಾಕು. ಹೆಗ್ಗಣ ಕಡಿದದ್ದು, ಗುದ್ದಲಿ ತಾಗಿದ್ದು ಅಲ್ಲೇ ಸಿಗುತ್ತದೆ. ಎರಡೂ ಚೆನ್ನಾಗಿದ್ದರೆ ದೋಷ ಈಗ ಬಿಚ್ಚಿದ ಜಾಯಿಂಟಿನದು. ಬೋರ್ ಕಡೆಯದೇ ಕೆಟ್ಟಿದ್ದರೆ ಮಾತ್ರ ಎತ್ತಿಸಿ. ಎತ್ತಿದ ಮೇಲೂ ಮೋಟಾರನ್ನು ರಿವೈಂಡಿಂಗ್‌ಗೆ ಒಯ್ಯುವ ಮೊದಲು ಮೋಟಾರಿನ ಹತ್ತಿರದ ಜಾಯಿಂಟ್ ಕತ್ತರಿಸಿ, ಮೋಟಾರ್ ಒಂದನ್ನೇ ಅಳೆಸಿ. ನೀವು ಅಲ್ಲೇ ನಿಂತು ಮೀಟರ್ ನೋಡಿ.

ನೀರಿನಲ್ಲಿ ಮುಳುಗುವ ಜಾಯಿಂಟ್ ಮಾಡುವ ರೀತಿ

ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಶ್ರದ್ಧೆ ಬೇಡುವ ಜಾಗ ಇದು, ಎಲ್ಲರೂ ಅವಸರ ಮಾಡುವುದೂ ಇಲ್ಲೇ. ಪಂಪು ಇಳಿಸುವವರು ಹಗ್ಗ ಹಿಡಿದು ಕಾಯುತ್ತಿರುತ್ತಾರೆ, ಕತ್ತಲಾಗುತ್ತಿರುತ್ತದೆ. ಅವರಿಗೆ ಚಹಾ ಕೊಟ್ಟು ಕೂರಿಸಿ, ಜಾಯಿಂಟಿಗೆ ಬೇಕಾದ ಹೊತ್ತು ಕೊಡಿ.

ಮೂರು ಬಣ್ಣದ ವೈರುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಬೇಡಿ. ಒಂದು ಗಿಡ್ಡ, ಒಂದು ಮಧ್ಯಮ, ಒಂದು ಉದ್ದ ಮಾಡಿ. ಆ ಕಡೆಯ ಕೇಬಲ್‌ನಲ್ಲಿ ಇದರ ತಿರುವುಮುರುವು. ಆಗ ಮೂರು ಕೂಡಿಕೆಗಳು ಅಕ್ಕಪಕ್ಕ ಬರದೆ ಮೆಟ್ಟಿಲಿನಂತೆ ಬೇರೆ ಬೇರೆ ಕಡೆ ಬೀಳುತ್ತವೆ, ಒಂದಕ್ಕೊಂದು ತಾಗುವ ಭಯವಿಲ್ಲ, ಗಂಟೂ ದಪ್ಪವಾಗಿ ಕೇಸಿಂಗಿಗೆ ಉಜ್ಜುವುದಿಲ್ಲ. ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕುವುದಾದರೆ ಕೂಡಿಸುವ ಮೊದಲೇ ವೈರಿಗೆ ತೂರಿಸಿಡಿ. ಪಿವಿಸಿ ಮೈಯನ್ನು ಎರಡೂ ಕಡೆ ಸ್ಯಾಂಡ್ ಪೇಪರಿನಲ್ಲಿ ಒರಟು ಮಾಡಿ, ಸ್ಪಿರಿಟ್ ಹಾಕಿ ಒರೆಸಿ. ಕೈಯ ಎಣ್ಣೆ, ಬೆವರು ಇದ್ದಲ್ಲಿ ಟೇಪು ಹಿಡಿಯುವುದಿಲ್ಲ, ಆ ಸಂದಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ.

ತಾಮ್ರದ ಕೊಳವೆ ಹಾಕಿ ಕ್ರಿಂಪ್ ಮಾಡುವುದು ಒಳ್ಳೆಯದು. ಬೆಸುಗೆ ಹಾಕುವುದಾದರೆ ರಾಳದ ಫ್ಲಕ್ಸ್ ಮಾತ್ರ. ತಗಡಿನ ಕೆಲಸದವರ ಆಸಿಡ್ ಬಳಸಿದರೆ ಅದು ಒಳಗೇ ಉಳಿದು ತಾಮ್ರ ತಿನ್ನುತ್ತದೆ.

ಈಗ ಟೇಪು. ಸಾದಾ ಪಿವಿಸಿ ಟೇಪು ನೀರು ತಡೆಯುವುದಿಲ್ಲ, ಅದರ ಅಂಟು ಕೆಲವೇ ತಿಂಗಳಲ್ಲಿ ಜಾರುತ್ತದೆ. ಒಳಗೆ ಬೇಕಾದದ್ದು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು. ಅದರಲ್ಲಿ ಅಂಟಿಲ್ಲ. ಹಿಂದಿನ ಪೊರೆ ತೆಗೆದು, ಅಗಲ ಕಿರಿದಾಗುವಷ್ಟು ಬಲವಾಗಿ ಎಳೆಯುತ್ತ ಸುತ್ತಬೇಕು. ಎಳೆತ ಕಡಿಮೆಯಾದರೆ ಅದು ಒಂದಾಗುವುದಿಲ್ಲ. ಜಾಯಿಂಟಿನ ಎರಡೂ ಬದಿ ಎರಡು ಬೆರಳು ಅಗಲದಷ್ಟು ಒಳ್ಳೆಯ ಪಿವಿಸಿ ಮೇಲೆ ಹೋಗಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಹೋಗಿ ಬಂದು ಮಾಡಿ. ಮೊದಲು ಒಂದೊಂದು ಬಣ್ಣಕ್ಕೆ ಬೇರೆ ಬೇರೆ, ಆಮೇಲೆ ಮೂರಕ್ಕೂ ಸೇರಿಸಿ. ಉಜ್ಜುವಿಕೆ ತಡೆಯಲು ಕೊನೆಗೆ ಪಿವಿಸಿ ಟೇಪು, ಎಳೆಯದೆ. ಸ್ಲೀವ್ ಆದರೆ ನಡುವಿನಿಂದ ಎರಡು ತುದಿಗೆ ಬಿಸಿ ಒಯ್ಯಿರಿ. ತುದಿಗಳಲ್ಲಿ ಅಂಟು ಸುತ್ತಲೂ ಇಣುಕಿದರೆ ಮಾತ್ರ ಮುಚ್ಚಿದೆ ಎಂದು ತಿಳಿಯಬೇಕು. ಮೇಣದಬತ್ತಿಯಲ್ಲಿ ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ಬೇಯುವುದಿಲ್ಲ.

ಇಳಿಸುವ ಮೊದಲು ಬಕೆಟ್ ಪರೀಕ್ಷೆ ಮಾಡಿಸಿ. ಬಕೆಟ್ ನೀರಿಗೆ ಒಂದು ಮುಷ್ಟಿ ಉಪ್ಪು ಹಾಕಿ ಜಾಯಿಂಟ್ ಮುಳುಗಿಸಿ, ಕನಿಷ್ಠ ಒಂದು ಗಂಟೆ ಬಿಡಿ. ಒಂದು ತಾಮ್ರದ ತಂತಿಯನ್ನು ನೀರಿಗಿಳಿಸಿ, ವೈರಿಗೂ ಆ ತಂತಿಗೂ ಮೆಗ್ಗರ್ ಹಾಕಿ. ಮುಳ್ಳು ಮುಳುಗಿಸುವ ಮೊದಲಿದ್ದಲ್ಲೇ ನಿಲ್ಲಬೇಕು. ಇದು ಮೆಗ್ಗರ್‌ನ ಕೆಲಸ, ಮೈನ್ ಕರೆಂಟು ಕೊಟ್ಟು ನೋಡುವ ಸಾಹಸ ಯಾರೂ ಮಾಡಬಾರದು. ಪಾಸಾದರೆ ಉಪ್ಪು ನೀರು ತೊಳೆದು ಇಳಿಸಿ. ಕೇಬಲನ್ನು ಪೈಪಿಗೆ ಅಲ್ಲಲ್ಲಿ ಕಟ್ಟಿ, ಜಾಯಿಂಟಿನ ಮೇಲೆ ಭಾರ ಬೀಳದಿರಲಿ. ಪಂಪನ್ನು ಕೇಬಲ್ ಹಿಡಿದು ಇಳಿಸುವವರಿದ್ದರೆ ತಡೆಯಿರಿ.

ಡಬ್ಬಿಯೊಳಗೆ ನೀರು ಬಾರದಂತೆ

ವೈರುಗಳು ಡಬ್ಬಿಗೆ ಅಡಿಯಿಂದ ಬರಲಿ. ಮೇಲಿನ ತೂತಿನಿಂದ ಬಂದ ವೈರು ಮಳೆನೀರಿಗೆ ದಾರಿ ತೋರಿಸುತ್ತದೆ. ಒಳಹೋಗುವ ಮುನ್ನ ವೈರು ಒಮ್ಮೆ ಡಬ್ಬಿಗಿಂತ ಕೆಳಗೆ ಇಳಿದು ಮೇಲೇರಬೇಕು. ಆಗ ವೈರಿನ ಮೇಲೆ ಹರಿದ ನೀರು ಆ ತಿರುವಿನಲ್ಲೇ ತೊಟ್ಟಿಕ್ಕುತ್ತದೆ. ತೂತಿಗೆ ರಬ್ಬರ್ ವಾಷರ್ ಇರುವ ಗ್ಲ್ಯಾಂಡ್ ಹಾಕಿ. ಖಾಲಿ ತೂತು ಮುಚ್ಚಿ, ಆದರೆ ಡಬ್ಬಿಯ ತಳದ ತಗ್ಗಿನ ಮೂಲೆಯಲ್ಲಿ ಒಂದು ಸಣ್ಣ ತೂತು ಉಳಿಸಿ, ಇರುವೆ ಬಾರದಂತೆ ಸಣ್ಣ ಕಣ್ಣಿನ ಜಾಳಿ ಹಾಕಿ. ಒಳಗೆ ಹನಿಯಾದ ನೀರಿಗೆ ಹೊರಹೋಗಲು ದಾರಿ ಬೇಕು. ಡಬ್ಬಿಯನ್ನು ಪಾಲಿಥೀನ್ ಕವರಿನಲ್ಲಿ ಬಿಗಿಯಾಗಿ ಕಟ್ಟುವ ಪದ್ಧತಿ ಬಹಳ ಕಡೆ ಇದೆ. ಅದರೊಳಗೆ ತೇವ ಸಿಕ್ಕಿಬಿದ್ದು ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಮೇಲೊಂದು ತಗಡಿನ ಸೂರು ಹಾಕಿ ನಾಲ್ಕೂ ಕಡೆ ಗಾಳಿ ಆಡಲು ಬಿಡುವುದೇ ಮೇಲು.

ಸಿಲಿಕೋನ್ ಕೊಳ್ಳುವಾಗ ಒಂದು ವಿಷಯ. ಹಚ್ಚಿದಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಮುಚ್ಚಿದ ಡಬ್ಬಿಯಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಎಂದೇ ಕೇಳಿ.

ಪಂಪು ಖಾಲಿ ಇರುವ ಮಳೆಗಾಲದಲ್ಲೂ ಗುಡುಗು ಸಿಡಿಲಿಲ್ಲದ ದಿನ ನೋಡಿ ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಓಡಿಸಿ. ಕಾಂಟ್ಯಾಕ್ಟ್ ಒಣಗುತ್ತದೆ, ಪಂಪಿನೊಳಗೆ ಜಾಮ್ ಆಗುವುದೂ ತಪ್ಪುತ್ತದೆ. ಉಳಿದ ದಿನ ಮೈನ್ ತೆಗೆದಿರಲಿ. ಮೇ ಕೊನೆಯಲ್ಲಿ, ಮೊದಲ ಸಲ ಮೈಲುತುತ್ತ ಹೊಡೆಯುವ ಮುಂಚೆ, ಒಮ್ಮೆ ಮೆಗ್ಗರ್ ಹಾಕಿಸಿ ಬಂದ ಅಳತೆಯನ್ನು ತಾರೀಕು ಸಮೇತ ಡಬ್ಬಿಯ ಬಾಗಿಲಿನ ಒಳಗೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿಡಿ. ನವೆಂಬರಿನಲ್ಲಿ ಮತ್ತೆ ಅಳೆದಾಗ ಹತ್ತು ಮೆಗಾಓಮ್ ಇದ್ದದ್ದು ಎರಡಕ್ಕೆ ಇಳಿದಿದ್ದರೆ ಪಂಪು ಇನ್ನೂ ಓಡುತ್ತಿದ್ದರೂ ನೀರು ಎಲ್ಲೋ ಒಳಗೆ ಬರುತ್ತಿದೆ. ಬೇಸಿಗೆಯ ನಡುವೆ ಗಿಡ ಒಣಗುತ್ತಿರುವಾಗ ನಿಲ್ಲುವ ಬದಲು, ಆಗಲೇ ಬೋರ್ ಬಾಯಿಯ ಜಾಯಿಂಟ್ ಅಗೆದು ನೋಡಬಹುದು.